ಗೊಥಾರ್ಡ್ ಟಪಾಲು ಗಾಡಿ: ಆ ಕರು ಯಾಕೆ ಓಡುತ್ತಿದೆ?

ಓದುಗರ ಪ್ರಶ್ನೆ: ಜ್ಯೂರಿಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಕುನ್ಸ್ಟ್‌ಹೌಸ್ ಮ್ಯೂಸಿಯಂನಲ್ಲಿ ‘ಗೊಥಾರ್ಡ್ ಪೋಸ್ಟ್’ ಎಂಬ ಚಿತ್ರ ನೋಡಿದೆ. ಬೆಟ್ಟದ ದಾರಿಯಲ್ಲಿ ಐದು ಕುದುರೆಯ ಟಪಾಲು ಗಾಡಿ ಧೂಳೆಬ್ಬಿಸಿಕೊಂಡು ಇಳಿದು ಬರುತ್ತಿದೆ. ಅದರ ಮುಂದೆ ಒಂದು ಕರು ದಿಕ್ಕೆಟ್ಟು ಓಡುತ್ತಿದೆ. ರುಡಾಲ್ಫ್ ಕೊಲರ್, 1873 ಎಂದು ಬರೆದಿತ್ತು. ಇದನ್ನು ವಾಸ್ತವವಾದಿ ಚಿತ್ರ ಅಂತಾರೆ. ಆದರೆ ಅಂಥ ಇಳಿಜಾರಿನಲ್ಲಿ ಯಾರಾದರೂ ಹಾಗೆ ಗಾಡಿ ಓಡಿಸ್ತಾರಾ? ಕ್ಯಾಮೆರಾ ಇಲ್ಲದ ಕಾಲದಲ್ಲಿ ಓಡುವ ಕುದುರೆಗಳನ್ನು ಹೇಗೆ ಬಿಡಿಸಿದ? ಅಲ್ಲಿಯವರಿಗೆ ಈ ಚಿತ್ರದ ಮೇಲೆ ಅಷ್ಟು ಪ್ರೀತಿ ಯಾಕೆ? ಮುಂದಿನ ಸಲ ಹೋದಾಗ ಆ ದಾರಿಯನ್ನೇ ನೋಡಬಹುದಾ?

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರ ಇದೆ. ಆ ಚಿತ್ರದಲ್ಲಿ ಕುದುರೆ ನಿಜ, ಗಾಡಿ ನಿಜ, ರಸ್ತೆ ನಿಜ, ದನಗಳೂ ನಿಜ. ಅವೆಲ್ಲ ಒಂದೇ ಕ್ಷಣಕ್ಕೆ ಒಂದೇ ತಿರುವಿನಲ್ಲಿ ಸೇರಿದ್ದು ಮಾತ್ರ ಕೊಲರ್‌ನ ಕೈಚಳಕ. ಹಾಗಾಗಿ ‘ವಾಸ್ತವವಾದಿ’ ಅಂದಾಗ ಕಣ್ಣಾರೆ ಕಂಡ ಒಂದು ಘಟನೆಯ ವರದಿ ಅಂತ ತಿಳಿಯಬೇಡಿ. ಬಿಡಿಬಿಡಿಯಾಗಿ ಕಂಡದ್ದನ್ನು ಚಿತ್ರಕಾರ ತನಗೆ ಬೇಕಾದ ಹಾಗೆ ಜೋಡಿಸಿದ್ದಾನೆ. ಯಾಕೆ ಹೀಗೆ ಜೋಡಿಸಿದ ಅನ್ನುವುದೇ ಸ್ವಾರಸ್ಯದ ವಿಷಯ.

ಮೊದಲು ಈ ಚಿತ್ರ ಹುಟ್ಟಿದ್ದು ಹೇಗೆ ಅಂತ ಹೇಳುತ್ತೇನೆ. ಇದನ್ನು ಬರೆಸಿದ್ದು ಒಂದು ರೈಲ್ವೆ ಕಂಪನಿ! ಕುದುರೆ ಗಾಡಿಯ ಚಿತ್ರ ಬೇಕೆಂದು ರೈಲಿನವರು ಕೇಳುತ್ತಾರೆ ಅಂದರೆ ನಗು ಬರುತ್ತದೆ ಅಲ್ವಾ? ಆಲ್ಫ್ರೆಡ್ ಎಶರ್ ಅಂತ ಜ್ಯೂರಿಕ್‌ನಲ್ಲಿ ಒಬ್ಬ ದೊಡ್ಡ ರಾಜಕಾರಣಿ, ಉದ್ಯಮಿ ಇದ್ದ. ಜ್ಯೂರಿಕ್ ರೈಲು ನಿಲ್ದಾಣದ ಎದುರು ಕಾರಂಜಿಯ ಮೇಲೆ ನಿಂತಿರುವ ಪ್ರತಿಮೆ ಅವನದೇ. ನೀವು ನೋಡಿಯೇ ಇರುತ್ತೀರಿ. ಸ್ವಿಸ್ ನಾರ್ದ್‌ಓಸ್ಟ್‌ಬಾನ್ ಎಂಬ ರೈಲ್ವೆಯನ್ನು ಕಟ್ಟಿ ಬೆಳೆಸಿದವನು ಅವನು. 1856ರಲ್ಲಿ ಒಂದು ಬ್ಯಾಂಕನ್ನೂ ಶುರು ಮಾಡಿದ. ಅದೇ ಮುಂದೆ ಕ್ರೆಡಿಟ್ ಸ್ವೀಸ್ ಆಯಿತು. ಆಲ್ಪ್ಸ್ ಪರ್ವತವನ್ನು ಕೊರೆದು ಇಟಲಿಗೆ ರೈಲು ಒಯ್ಯಬೇಕು ಅನ್ನುವುದು ಎಶರ್‌ನ ಮುಂದಿನ ಹಂಬಲ. ಆಲ್ಪ್ಸ್‌ನ ಗೊಥಾರ್ಡ್ ಎಂಬ ಘಾಟಿಯ ಕೆಳಗೆ ಹಾಯುವ ಆ ಗೊಥಾರ್ಡ್ ರೈಲ್ವೆಯ ಹೊಣೆ ಹೊರಲು ಹಳೆಯ ಕಂಪನಿ ಬಿಟ್ಟಾಗ, ಅಲ್ಲಿನ ನಿರ್ದೇಶಕರು ಅವನಿಗೊಂದು ಬೀಳ್ಕೊಡುಗೆ ಕೊಡಬೇಕೆಂದು ಕೊಲರ್‌ಗೆ ಚಿತ್ರ ಬರೆಯಲು ಹೇಳಿದರು.

ಅಂದರೆ ಈ ಟಪಾಲು ಗಾಡಿಯನ್ನು ಮೂಲೆಗೆ ತಳ್ಳಲು ಹೊರಟವನಿಗೇ ಆ ಗಾಡಿಯ ಚಿತ್ರ ಉಡುಗೊರೆಯಾಗಿ ಹೋಯಿತು. ಸುರಂಗದ ಕೆಲಸ ಅದಕ್ಕೂ ಮೊದಲೇ, 1872ರ ಶರತ್ಕಾಲದಲ್ಲಿ ಶುರುವಾಗಿತ್ತು. ಚಿತ್ರ ನೋಡುವಾಗ ಈ ಸಂಗತಿ ನೆನಪಿಟ್ಟುಕೊಳ್ಳಿ. ಇದು ತಿಳಿಯದಿದ್ದರೆ ಚಿತ್ರ ಸುಮ್ನೆ ಒಂದು ಚೆಂದದ ಕ್ಯಾಲೆಂಡರ್ ಹಾಗೆ ಕಾಣುತ್ತದೆ.

ಕೊಲರ್ ಜ್ಯೂರಿಕ್‌ನಲ್ಲೇ 1828ರಲ್ಲಿ ಹುಟ್ಟಿ, 1905ರಲ್ಲಿ ಅಲ್ಲೇ ತೀರಿಕೊಂಡವನು. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಕಲಿತ. ಚಿತ್ರಕಾರ ಆರ್ನಾಲ್ಡ್ ಬ್ಯೋಕ್ಲಿನ್ ಅಲ್ಲಿ ಅವನಿಗೆ ಗೆಳೆಯನಾದ. ಇಬ್ಬರೂ ಬ್ರಸೆಲ್ಸ್, ಪ್ಯಾರಿಸ್ ಸುತ್ತಿದರು. ಆಮೇಲೆ ಇಬ್ಬರ ದಾರಿ ಪೂರ್ತಿ ಬೇರೆಯಾಯಿತು. ಬ್ಯೋಕ್ಲಿನ್ ಪುರಾಣದ ಜೀವಿಗಳನ್ನು, ಕನಸಿನ ದ್ವೀಪಗಳನ್ನು ಬರೆದ. ಕೊಲರ್ ದನ, ಕುದುರೆಗಳನ್ನು ಹಿಡಿದುಕೊಂಡ. ಜ್ಯೂರಿಕ್ ಸರೋವರದ ದಂಡೆಯಲ್ಲಿ ಮನೆ ಮಾಡಿ, ಪ್ರಾಣಿಗಳನ್ನು ಸಾಕಿಕೊಂಡು, ಅವನ್ನೇ ಬಯಲಿನಲ್ಲಿ ನಿಲ್ಲಿಸಿಕೊಂಡು ಬರೆಯುತ್ತಿದ್ದ. ಇದೇ ಮ್ಯೂಸಿಯಂನಲ್ಲಿ ಅವನ ‘ತರಕಾರಿ ತೋಟದಲ್ಲಿ ಹಸು’ ಎಂಬ ಚಿತ್ರವೂ ಇದೆ. ಅದು 1850ರ ದಶಕದ ಕೊನೆಯದು. ತೋಟಕ್ಕೆ ನುಗ್ಗಿದ ಒಂದು ಹಸು, ಸುತ್ತ ಸೊಪ್ಪು. ಅಷ್ಟೇ. ಕಥೆಯೂ ಇಲ್ಲ, ದೇವರೂ ಇಲ್ಲ, ರಾಜನೂ ಇಲ್ಲ. ನನ್ನನ್ನು ಕೇಳಿದರೆ ಕೊಲರ್‌ನ ಕೈ ಎಷ್ಟು ಪಳಗಿದ್ದು ಅನ್ನುವುದು ಗೊಥಾರ್ಡ್ ಚಿತ್ರಕ್ಕಿಂತ ಆ ಹಸುವಿನಲ್ಲೇ ಜಾಸ್ತಿ ಗೊತ್ತಾಗುತ್ತದೆ. ಮುಂದಿನ ಸಲ ಹೋದಾಗ ಅದನ್ನೂ ಹುಡುಕಿ ನೋಡಿ. 1870ರ ಹೊತ್ತಿಗೆ ಅವನಿಗೆ ಕಣ್ಣಿನ ಕಾಯಿಲೆ ಶುರುವಾಗಿತ್ತು. ಗೊಥಾರ್ಡ್ ಚಿತ್ರ ಬರೆದಿದ್ದು ಅದಾದ ಮೇಲೆ.

ಇನ್ನು ವೇಗದ ಪ್ರಶ್ನೆ. ಚಿತ್ರದಲ್ಲಿರುವುದು ಗೊಥಾರ್ಡ್ ಘಾಟಿಯ ದಕ್ಷಿಣದ ಇಳಿಜಾರು. ಅದರ ಹೆಸರು ಟ್ರೆಮೊಲಾ. ಘಾಟಿಯ ನೆತ್ತಿ 2,106 ಮೀಟರ್ ಎತ್ತರದಲ್ಲಿದೆ. ಕೆಳಗಿನ ಐರೋಲೊ ಊರು ಸುಮಾರು 1,175 ಮೀಟರ್‌ನಲ್ಲಿದೆ. ನಡುವೆ ಒಂದರ ಕೆಳಗೆ ಒಂದು ಇಪ್ಪತ್ತಕ್ಕೂ ಹೆಚ್ಚು ಹೇರ್‌ಪಿನ್ ತಿರುವುಗಳು. ಆಗುಂಬೆ ಘಾಟಿಯನ್ನು ನೆನೆಸಿಕೊಳ್ಳಿ. ಅಲ್ಲಿನ ಕಾಡನ್ನೆಲ್ಲ ತೆಗೆದು ಬರಿಯ ಕಲ್ಲು, ಹುಲ್ಲು ಇಟ್ಟರೆ ಟ್ರೆಮೊಲಾದ ಅಂದಾಜು ಸಿಗುತ್ತದೆ.

ಇಂಥ ದಾರಿಯಲ್ಲಿ ಐದು ಕುದುರೆ ಬೇಕಾಗುವುದು ಏರುವಾಗ. ಗಾಡಿಯಲ್ಲಿ ಹತ್ತು ಜನ, ಅವರ ಪೆಟ್ಟಿಗೆಗಳು, ಟಪಾಲು ಚೀಲಗಳು. ಅದನ್ನು ಎಳೆದುಕೊಂಡು ಕುದುರೆಗಳು ಹೆಜ್ಜೆ ಹೆಜ್ಜೆಯಾಗಿ ಹತ್ತುತ್ತಿದ್ದವು. ದಾರಿಯ ಊರುಗಳಲ್ಲಿ ದಣಿದ ಕುದುರೆ ಬಿಚ್ಚಿ ಹೊಸ ಕುದುರೆ ಕಟ್ಟುತ್ತಿದ್ದರು. ಹತ್ತುವಾಗ ಕಳೆದುಕೊಂಡ ಹೊತ್ತನ್ನು ಗಾಡಿಯವನು ಇಳಿಯುವಾಗ ಗಳಿಸಿಕೊಳ್ಳಬೇಕು. ಟಪಾಲಿಗೆ ವೇಳಾಪಟ್ಟಿ ಇತ್ತು, ಮುಂದಿನ ಗಾಡಿ, ದೋಣಿ, ರೈಲು ಇವನಿಗಾಗಿ ಕಾಯುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಜೋರಾಗಿ ಹೋಗುವುದು ಸುಳ್ಳಲ್ಲ.

ಆದರೆ ಚಿತ್ರದಲ್ಲಿರುವಷ್ಟು ಬಿರುಸು? ಇಲ್ಲಿ ನನಗೆ ನಿಮ್ಮದೇ ಅನುಮಾನ. ಯಾಕೆ ಅಂತ ಹೇಳುತ್ತೇನೆ. ಇಂಥ ಗಾಡಿಗೆ ಮೂಕಿಯ ಎರಡು ಪಕ್ಕದಲ್ಲಿ ಎರಡು ಕುದುರೆ, ಅವುಗಳ ಮುಂದೆ ಮೂರು. ಏರುವಾಗ ಐದೂ ಎಳೆಯುತ್ತವೆ. ಇಳಿಯುವಾಗ ಕೆಲಸ ತಿರುಗಾಮುರುಗಾ. ಗಾಡಿಯ ಭಾರವೇ ಕುದುರೆಗಳನ್ನು ಹಿಂದಿನಿಂದ ನೂಕುತ್ತದೆ. ಅದನ್ನು ತಡೆಯಬೇಕಾದವು ಮೂಕಿಯ ಎರಡು ಕುದುರೆಗಳು. ಜೊತೆಗೆ ಚಕ್ರಕ್ಕೆ ಒತ್ತುವ ಬ್ರೇಕು ಇರುತ್ತಿತ್ತು. ಮುಂದಿನ ಮೂರಕ್ಕೆ ಎಳೆಯುವ ಕೆಲಸವೇ ಇಲ್ಲ. ಅವುಗಳ ಪಟ್ಟಿಗಳು ಸಡಿಲವಾಗಿ ಜೋತಾಡುತ್ತವೆ. ಆಗ ಅವು ನಾಗಾಲೋಟಕ್ಕೆ ಬಿದ್ದರೆ ಯಾವುದಾದರೂ ಒಂದರ ಕಾಲು ಪಟ್ಟಿಗೆ ಸಿಕ್ಕಿಕೊಳ್ಳುವ ಅಪಾಯ. ತಿರುವಿನಲ್ಲಿ ಹಾಗಾದರೆ ಗಾಡಿ ಸಮೇತ ಪ್ರಪಾತವೇ ಗತಿ. ದಿನಾ ಅದೇ ದಾರಿಯಲ್ಲಿ ಓಡಾಡುವ ಗಾಡಿಯವನು ತಿರುವಿಗೆ ಬರುವಾಗ ಲಗಾಮು ಬಿಗಿ ಹಿಡಿಯುತ್ತಾನೆಯೇ ಹೊರತು ಇಷ್ಟು ಸಡಿಲ ಬಿಡುವುದಿಲ್ಲ ಅಂತ ನನ್ನ ಅಭಿಪ್ರಾಯ. ಕೊಲರ್‌ಗೆ ಕುದುರೆಯ ಸ್ವಭಾವ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಗೊತ್ತಿದ್ದೂ ಬಿಗಿ ಸಡಿಲಿಸಿದ್ದಾನೆ.

ಕ್ಯಾಮೆರಾ ವಿಷಯದಲ್ಲಿ ಒಂದು ಸಣ್ಣ ತಿದ್ದುಪಡಿ. 1873ರಲ್ಲಿ ಕ್ಯಾಮೆರಾ ಇತ್ತು. ಆದರೆ ಓಡುವ ಪ್ರಾಣಿಯನ್ನು ತಡೆದು ನಿಲ್ಲಿಸಿ ತೋರಿಸುವಷ್ಟು ಚುರುಕಾಗಿರಲಿಲ್ಲ. ಅದಕ್ಕೂ ಮುಂಚೆ ಚಿತ್ರಕಾರರು ಓಡುವ ಕುದುರೆಯನ್ನು ಒಂದೇ ರೀತಿ ಬರೆಯುತ್ತಿದ್ದರು: ಮುಂಗಾಲೆರಡು ಮುಂದಕ್ಕೆ, ಹಿಂಗಾಲೆರಡು ಹಿಂದಕ್ಕೆ, ನಾಲ್ಕೂ ಗಾಳಿಯಲ್ಲಿ. ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ಜೆರಿಕೋನ 1821ರ ‘ಎಪ್ಸಮ್ ಡರ್ಬಿ’ ನೋಡಿದರೆ ಗೊತ್ತಾಗುತ್ತದೆ. ಕುದುರೆಗಳು ಹಾರುತ್ತಿರುವಂತೆ ಕಾಣುತ್ತವೆ. ನೋಡಲು ಸೊಗಸು, ಆದರೆ ಯಾವ ಕುದುರೆಯೂ ಹಾಗೆ ಓಡುವುದಿಲ್ಲ. ಅದನ್ನು ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ತೋರಿಸಿದ. ಓಡುವ ಕುದುರೆಯ ನಾಲ್ಕು ಕಾಲೂ ನೆಲ ಬಿಡುತ್ತವೆ ನಿಜ. ಆದರೆ ಆಗ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಆ ಪ್ರಯೋಗಕ್ಕೆ ದುಡ್ಡು ಹಾಕಿದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಕೂಡ ಒಬ್ಬ ರೈಲ್ವೆ ದೊರೆ! ಆ ಕಾಲದ ರೈಲಿನವರಿಗೆ ಕುದುರೆಯ ಮೇಲೆ ಏನೋ ಒಂದು ಸೆಳೆತ ಇದ್ದಿರಬೇಕು.

ಕೊಲರ್ ಈ ತೊಂದರೆಯನ್ನು ಜಾಣತನದಿಂದ ದಾಟಿದ. ಗಾಡಿಯನ್ನು ಪಕ್ಕದಿಂದ ತೋರಿಸದೆ ನಮ್ಮ ಕಡೆಗೇ ನುಗ್ಗಿ ಬರುವಂತೆ ತಿರುಗಿಸಿಬಿಟ್ಟ. ಎದುರಿನಿಂದ ನೋಡುವಾಗ ಕಣ್ಣಿಗೆ ಬೀಳುವುದು ಕುದುರೆಯ ಎದೆ, ತಲೆ, ಅರಳಿದ ಮೂಗಿನ ಹೊಳ್ಳೆ, ಎತ್ತಿದ ಮೊಣಕಾಲು. ಹಿಂಗಾಲುಗಳು ಧೂಳಿನಲ್ಲಿ, ಒಂದರ ಹಿಂದೆ ಒಂದು ಮರೆಯಾಗುತ್ತವೆ. ಯಾವ ಕಾಲು ಯಾವಾಗ ನೆಲ ಮುಟ್ಟಿತು ಅಂತ ಲೆಕ್ಕ ಹಾಕುವ ಗೊಡವೆಯೇ ಇಲ್ಲ. ಮುಂದಿನ ಸಾಲಿನ ಬಿಳಿ ಕುದುರೆಗಳು ಬಿಸಿಲಿಗೆ ಹೊಳೆದು ಕಣ್ಣನ್ನು ಮೊದಲು ಎಳೆದುಕೊಳ್ಳುತ್ತವೆ. ಇನ್ನೊಂದು ಸಂಗತಿ ಗಮನಿಸಿದಿರಾ? ಪ್ರಯಾಣದ ಚಿತ್ರ ಅಂದರೆ ಅಗಲವಾಗಿರುವುದು ರೂಢಿ. ಇದು 117 ಸೆಂಟಿಮೀಟರ್ ಎತ್ತರ, 100 ಸೆಂಟಿಮೀಟರ್ ಅಗಲ. ಎತ್ತರವೇ ಜಾಸ್ತಿ. ಅದರಿಂದ ರಸ್ತೆ ಮೇಲಿನಿಂದ ನಮ್ಮ ಕಾಲ ಬಳಿಗೆ ಸುರಿದಂತೆ ಆಗುತ್ತದೆ. ಚಿತ್ರದ ಮುಂದೆ ನಿಂತವರು ತಮಗೆ ಗೊತ್ತಿಲ್ಲದೆ ಅರ್ಧ ಹೆಜ್ಜೆ ಹಿಂದೆ ಸರಿದರೆ ಅದಕ್ಕೆ ಈ ಅಳತೆಯೂ ಒಂದು ಕಾರಣ.

ಈಗ ಕರುವಿಗೆ ಬರೋಣ. ಚಿತ್ರದ ಜೀವ ಇರುವುದು ಇಲ್ಲೇ.

ಅದು ಯಾಕೆ ಅಲ್ಲಿದೆ? ಗೊಥಾರ್ಡ್ ದಾರಿಯಲ್ಲಿ ದನ ಇರುವುದು ವಿಚಿತ್ರವೇನೂ ಅಲ್ಲ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಮೇಯಲು ಬಿಟ್ಟ ದನಗಳು ಹತ್ತಿ ಇಳಿಯುವ ದಾರಿ ಅದು. ಅದಕ್ಕಿಂತ ಮುಖ್ಯ, ಸ್ವಿಟ್ಜರ್ಲೆಂಡ್‌ನ ಒಳನಾಡಿನ ರೈತರು ನೂರಾರು ವರ್ಷಗಳಿಂದ ಈ ಘಾಟಿ ದಾಟಿಸಿ ಲುಗಾನೊ, ಲೊಂಬಾರ್ಡಿಯ ಸಂತೆಗಳಿಗೆ ದನ ಹೊಡೆದುಕೊಂಡು ಹೋಗುತ್ತಿದ್ದರು. ಟಪಾಲು ಗಾಡಿಗಿಂತ ಎಷ್ಟೋ ಮೊದಲು ಆ ದಾರಿಯ ಮೇಲೆ ಹಕ್ಕು ಇದ್ದದ್ದು ದನಗಳಿಗೆ, ಹೇಸರಗತ್ತೆಗಳಿಗೆ. ಗಾಡಿ ಆಮೇಲೆ ಬಂದ ನೆಂಟ.

ಮಂದೆಯ ನಡುವೆ ಗಾಡಿ ನುಗ್ಗಿದೆ. ದೊಡ್ಡ ದನಗಳು ಧೂಳಿನಲ್ಲಿ ಹಿಂದೆ ಉಳಿದಿವೆ. ಕರು ಮಾತ್ರ ದಾರಿ ತಪ್ಪಿ ಗಾಡಿಯ ಮುಂದೆ ಸಿಕ್ಕಿದೆ. ದನ ಸಾಕಿದವರಿಗೆ ಇದು ಗೊತ್ತಿರುತ್ತದೆ. ಹೆದರಿದ ಕರು ಪಕ್ಕಕ್ಕೆ ಸರಿಯುವುದಿಲ್ಲ. ನೇರ ಮುಂದಕ್ಕೇ ಓಡುತ್ತದೆ. ಓಡಿದಷ್ಟೂ ತಾಯಿಯಿಂದ ದೂರ ಆಗುತ್ತದೆ, ಓಡಿದಷ್ಟೂ ಗಾಡಿ ಬೆನ್ನಟ್ಟಿದಂತೆ ಆಗುತ್ತದೆ. ಅದಕ್ಕೆ ಗಾಡಿ ಏನು, ಟಪಾಲು ಏನು, ಒಂದೂ ತಿಳಿಯದು. ಹಿಂದಿನಿಂದ ಸದ್ದು ಬರುತ್ತಿದೆ, ಅಷ್ಟೇ ಅದರ ಲೋಕ.

ಕರು ಉಳಿಯಿತಾ ಅಂತ ನೀವು ಕೇಳಿಲ್ಲ, ಆದರೆ ಈ ಚಿತ್ರ ನೋಡಿದ ಎಲ್ಲರ ಮನಸ್ಸಿನಲ್ಲೂ ಆ ಪ್ರಶ್ನೆ ಬಂದೇ ಬರುತ್ತದೆ. ಕೊಲರ್ ಉತ್ತರ ಕೊಟ್ಟಿಲ್ಲ. ಗಾಡಿಯವನು ಲಗಾಮು ಎಳೆದು ನಿಲ್ಲಿಸುತ್ತಾನೆ ಅನ್ನುವ ಸುಳಿವೂ ಇಲ್ಲ. ಮುಂದಿನ ತಿರುವಿನಲ್ಲಿ ಕರು ಪಕ್ಕದ ಹುಲ್ಲಿಗೆ ಹಾರಿಕೊಂಡಿತು ಅಂತ ನಾನು ಅಂದುಕೊಳ್ಳುತ್ತೇನೆ. ಅದು ನನ್ನ ಮನಸ್ಸಿನ ಸಮಾಧಾನಕ್ಕೆ.

ಈಗ ಒಮ್ಮೆ ಕರುವನ್ನು ಬೆರಳಿನಿಂದ ಮುಚ್ಚಿ ನೋಡಿ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲೂ ಮಾಡಬಹುದು. ಉಳಿಯುವುದು ಒಂದು ಅಂದದ ಗಾಡಿಯ ಚಿತ್ರ. ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಅಂತ ನಿಟ್ಟುಸಿರು ಬಿಡಬಹುದು. ಬೆರಳು ತೆಗೆದ ತಕ್ಷಣ ಆ ಮಾತು ಸುಳ್ಳಾಗುತ್ತದೆ. ‘ಚೆನ್ನಾಗಿದ್ದ ಕಾಲ’ದ ಗಾಡಿಯೇ ಇಲ್ಲಿ ಒಂದು ಮರಿಯನ್ನು ತುಳಿಯಲು ಬರುತ್ತಿದೆ. ಈ ಚಿತ್ರದಲ್ಲಿ ಹಳೆಯದು ಗಾಡಿಯಲ್ಲ, ಮಂದೆ. ಗಾಡಿಯೇ ಹೊಸದು, ಗಾಡಿಯೇ ವೇಗ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗೊಥಾರ್ಡ್ ಮೇಲೆ ಗಾಡಿ ಓಡುವಂಥ ರಸ್ತೆ ಆದದ್ದು 1830ರ ಸುಮಾರಿಗೆ. ಅದಕ್ಕೂ ಮೊದಲು ಹೇಸರಗತ್ತೆಯ ಬೆನ್ನ ಮೇಲೆ ಹೇರಿ ಸಾಮಾನು ಸಾಗಿಸುತ್ತಿದ್ದರು. ಹಾಗೆ ಸಾಗಿಸುವವರದೇ ಊರೂರಿನ ಸಂಘಗಳಿದ್ದವು. ಯಾವ ಊರಿನವರು ಎಲ್ಲಿಂದ ಎಲ್ಲಿಯವರೆಗೆ ಹೊರಬೇಕು ಅನ್ನುವುದಕ್ಕೂ ಕಟ್ಟುಪಾಡಿತ್ತು. ರಸ್ತೆ ಬಂದ ಮೇಲೆ ಅವರ ಕಸುಬು ಕುಸಿಯಿತು. ದಿನವೂ ಹೊರಡುವ ಟಪಾಲು ಗಾಡಿ ಶುರುವಾದದ್ದು 1842ರಲ್ಲಿ. ಲುಸೆರ್ನ್ ಸರೋವರದ ತುದಿಯ ಫ್ಲ್ಯೂಲೆನ್‌ನಿಂದ ಇಟಲಿಯ ಕೋಮೊ ಬಳಿಯ ಕಾಮೆರ್ಲಾಟದವರೆಗೆ ಅದರ ಓಟ, ಹೆಚ್ಚುಕಡಿಮೆ ಒಂದು ಇಡೀ ದಿನದ ದಾರಿ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುಗಾಡಿ. 1882ರಲ್ಲಿ ಸುರಂಗದ ರೈಲು ಬಂದಾಗ ಈ ದೊಡ್ಡ ಗಾಡಿಯ ಕಾಲ ಮುಗಿಯಿತು. ಅಂದರೆ ಒಟ್ಟು ನಲವತ್ತು ವರ್ಷ! ಕೊಲರ್ ಚಿತ್ರ ಬರೆಯುವಾಗ ಆ ದಿನವಹಿ ಗಾಡಿಗೆ ಮೂವತ್ತೊಂದು ವರ್ಷ. ಅಜ್ಜನ ಕಾಲದ್ದು ಅಂತ ಇವತ್ತು ಎಲ್ಲರೂ ಕಣ್ಣು ತೇವ ಮಾಡಿಕೊಳ್ಳುವ ಆ ಗಾಡಿ, ತಾನೇ ಇನ್ನೊಬ್ಬರ ಅನ್ನ ಕಿತ್ತುಕೊಂಡು ಬಂದದ್ದು. ಆಮೇಲೆ ರೈಲು ಅದರ ಅನ್ನ ಕಿತ್ತುಕೊಂಡಿತು.

ಇದನ್ನೆಲ್ಲ ಕೊಲರ್ ಬೇಕೆಂದೇ ಹೇಳಿದನೇ? ಅಷ್ಟು ದೂರ ನಾನು ಹೋಗುವುದಿಲ್ಲ. ಅವನು ಪ್ರಾಣಿಗಳ ಚಿತ್ರಕಾರ. ಗಾಡಿಯ ಚಿತ್ರದಲ್ಲಿ ಒಂದು ಕರುವಿಗೆ ಜಾಗ ಮಾಡಿಕೊಂಡದ್ದು ಅವನ ಅಭ್ಯಾಸಬಲವೂ ಇರಬಹುದು. ಆದರೆ ಕೈ ಬರೆದದ್ದು ಬರೆದಾಗಿದೆ.

ಇನ್ನೊಂದು ಕಡೆಯಿಂದ ಈ ಚಿತ್ರವನ್ನು ಸ್ವಲ್ಪ ಬೈಯಬೇಕು ಅನಿಸುತ್ತದೆ. ಗಾಡಿ ಎಲ್ಲಿಗೆ ಇಳಿಯುತ್ತಿದೆ? ಐರೋಲೊಗೆ. ಸುರಂಗದ ದಕ್ಷಿಣದ ಬಾಯಿ ಇರುವುದು ಅದೇ ಐರೋಲೊದಲ್ಲಿ. 1873ರಲ್ಲಿ ಅಲ್ಲಿ ಹಗಲು ರಾತ್ರಿ ಡೈನಮೈಟ್ ಸಿಡಿಯುತ್ತಿತ್ತು. ಸಾವಿರಾರು ಕೂಲಿಗಳು, ಹೆಚ್ಚಿನವರು ಇಟಲಿಯವರು, 15 ಕಿಲೋಮೀಟರ್ ಉದ್ದದ ಸುರಂಗವನ್ನು ಎರಡೂ ತುದಿಯಿಂದ ಕೊರೆಯುತ್ತಿದ್ದರು. ಒಳಗೆ ಕೆಟ್ಟ ಸೆಕೆ, ಹೊಗೆ, ಮೇಲಿನಿಂದ ನೀರು. ಅಪಘಾತಗಳಲ್ಲಿ ಸುಮಾರು 200 ಜನ ಸತ್ತರು. ಕೊಕ್ಕೆಹುಳದ ರೋಗದಿಂದ, ಕಲ್ಲುಪುಡಿ ಉಸಿರಿನೊಳಗೆ ಹೋಗಿ ಶ್ವಾಸಕೋಶ ಕೆಟ್ಟು ನರಳಿದವರು ಬೇರೆ. 1875ರಲ್ಲಿ ಉತ್ತರದ ತುದಿಯ ಗೋಶೆನೆನ್‌ನಲ್ಲಿ ಮುಷ್ಕರ ಹೂಡಿದ ಕೂಲಿಗಳ ಮೇಲೆ ಗುಂಡು ಹಾರಿಸಿದರು. ನಾಲ್ವರು ಸತ್ತರು. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಪ್ರಾಣ ಬಿಟ್ಟ. ಎರಡು ತುದಿ ಕೂಡಿದ್ದು 1880ರ ಫೆಬ್ರವರಿ ಕೊನೆಯಲ್ಲಿ.

ಫ್ರಾನ್ಸ್‌ನ ಚಿತ್ರಕಾರ ಕೂರ್ಬೆ 1849ರಲ್ಲೇ ರಸ್ತೆಗೆ ಜಲ್ಲಿ ಒಡೆಯುವ ಇಬ್ಬರು ಕೂಲಿಗಳನ್ನು ಆಳೆತ್ತರಕ್ಕೆ ಬರೆದು ಪ್ಯಾರಿಸ್‌ನ ‘ಸಲೋನ್’ ಎಂಬ ಚಿತ್ರಪ್ರದರ್ಶನದ ಮಂದಿಯನ್ನು ಬೆಚ್ಚಿಬೀಳಿಸಿದ್ದ. ಅದೂ ವಾಸ್ತವವಾದವೇ. ಕೊಲರ್‌ನದು ಆ ಜಾತಿಯದಲ್ಲ. ಅವನ ಸತ್ಯ ಕುದುರೆಯ ಮೈಕಟ್ಟು, ಧೂಳಿನ ಬಣ್ಣ, ಕರುವಿನ ಬಾಲ ಇವುಗಳ ಮಟ್ಟಿಗೆ ನಿಲ್ಲುತ್ತದೆ. ಆ ಬೆಟ್ಟದ ಬುಡದಲ್ಲಿ ಅದೇ ವರ್ಷ ನಡೆಯುತ್ತಿದ್ದದ್ದನ್ನು ಚಿತ್ರ ನೋಡಿ ಯಾರೂ ಊಹಿಸಲಾರರು. ಹಣ ಕೊಡುವವರು ರೈಲ್ವೆ ನಿರ್ದೇಶಕರು, ಪಡೆಯುವವನು ಸುರಂಗದ ಯಜಮಾನ. ಹಾಗಿರುವಾಗ ಬೇರೆ ಏನು ನಿರೀಕ್ಷಿಸುವುದು ಅಂತ ನೀವು ಕೇಳಬಹುದು. ಅದೂ ನ್ಯಾಯವೇ.

ಎಶರ್‌ನ ಕಥೆಯೂ ಸುಖವಾಗಿ ಮುಗಿಯಲಿಲ್ಲ. ಖರ್ಚು ಕೈಮೀರಿದಾಗ ತಪ್ಪೆಲ್ಲ ಅವನ ತಲೆಗೆ ಕಟ್ಟಿದರು. 1878ರಲ್ಲಿ ಗೊಥಾರ್ಡ್ ರೈಲ್ವೆಯಿಂದ ಹೊರಬಿದ್ದ. ರೈಲು ಓಡಿದ 1882ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಟಪಾಲು ಗಾಡಿಯೂ ಎಶರ್‌ನೂ ಒಂದೇ ವರ್ಷ ಹೋದರು ಅನ್ನಿ. ಚಿತ್ರ ಮಾತ್ರ ಬೆಳೆಯುತ್ತಾ ಹೋಯಿತು. ಕೊಲರ್ 1874ರಲ್ಲೇ ಇದನ್ನು ಇನ್ನೊಮ್ಮೆ ಬರೆದ. ಆ ಎರಡನೆಯದು ಎಶರ್ ಕಟ್ಟಿದ ಬ್ಯಾಂಕಿನ ಸಂಗ್ರಹ ಸೇರಿತು. ಆಮೇಲೆ ಮುದ್ರಣ, ಪೋಸ್ಟ್‌ಕಾರ್ಡ್, ಶಾಲೆಯ ಗೋಡೆ, ಎಲ್ಲ ಕಡೆಗೂ ಹಬ್ಬಿತು. ಸುರಂಗದ ರೈಲಿನಲ್ಲಿ ಕೂತ ತಲೆಮಾರಿಗೆ ಬೆಟ್ಟದ ಮೇಲಿನ ಬಿಸಿಲು, ಗಾಳಿ, ಎದೆ ಝಲ್ಲೆನ್ನುವ ತಿರುವು ಯಾವುದೂ ಸಿಗಲಿಲ್ಲ. ಕಿಟಕಿಯಾಚೆ ಕತ್ತಲೆ. ಕಳೆದುಕೊಂಡದ್ದರ ಚಿತ್ರವಾಗಿ ಇದು ಅವರ ಮನೆಯ ಗೋಡೆಗೆ ಬಂತು. ಅವರ ಪ್ರೀತಿಗೆ ಇದೇ ದೊಡ್ಡ ಕಾರಣ ಅಂತ ನನಗನಿಸುತ್ತದೆ.

ಕೊನೆಯದಾಗಿ, ದಾರಿ ನೋಡಬಹುದಾ? ಧಾರಾಳವಾಗಿ. ಆದರೆ ಜ್ಯೂರಿಕ್‌ನಿಂದ ಮಿಲಾನ್ ಕಡೆಗೆ ಹೋಗುವ ವೇಗದ ರೈಲು ಹತ್ತಬೇಡಿ. ಅದು 2016ರಲ್ಲಿ ತೆರೆದ 57 ಕಿಲೋಮೀಟರ್‌ನ ಹೊಸ ಸುರಂಗದೊಳಗೆ ಹೋಗಿಬಿಡುತ್ತದೆ. ಏನೂ ಕಾಣುವುದಿಲ್ಲ. ಹಳೆಯ ಮಾರ್ಗದಲ್ಲಿ ಗೋಶೆನೆನ್‌ವರೆಗೆ ಬಂದು, ಅಲ್ಲಿಂದ ಸಣ್ಣ ರೈಲಿನಲ್ಲಿ ಅಂಡರ್ಮಾಟ್‌ಗೆ ಹತ್ತಿ. ಮುಂದೆ ಘಾಟಿಯ ಮೇಲಕ್ಕೆ ಬೇಸಿಗೆಯಲ್ಲಿ ಹಳದಿ ಬಣ್ಣದ ಅಂಚೆ ಬಸ್ ಇರುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ಘಾಟಿ ಮುಚ್ಚುತ್ತದೆ. ಸುಮಾರಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ದಿನಗಳನ್ನು ಇಟ್ಟುಕೊಳ್ಳಿ, ಹೊರಡುವ ಮುಂಚೆ ದಾರಿ ತೆರೆದಿದೆಯಾ ಅಂತ ಮಗಳಿಗೆ ಕೇಳಿ ನೋಡಲು ಹೇಳಿ. ಈಗಿನ ಹೆದ್ದಾರಿ ಬೇರೆ, ಹಳೆಯ ಟ್ರೆಮೊಲಾ ಬೇರೆ. ಹಳೆಯದಕ್ಕೆ ಇಂದಿಗೂ ಕಲ್ಲು ಹಾಸಿದೆ. ಮಂಡಿ ಗಟ್ಟಿ ಇದ್ದರೆ ನೆತ್ತಿಯಿಂದ ಕೆಳಕ್ಕೆ ಮೊದಲ ಕೆಲವು ತಿರುವುಗಳನ್ನು ನಡೆದೇ ಇಳಿಯಿರಿ. ಸೈಕಲ್ಲಿನವರು ಜೋರಾಗಿ ಬರುತ್ತಾರೆ, ಅಂಚಿನಲ್ಲಿ ನಡೆಯಿರಿ. ಖರ್ಚಾದರೂ ಪರವಾಗಿಲ್ಲ ಅನ್ನುವವರಿಗೆ ಬೇಸಿಗೆಯಲ್ಲಿ ಅಂಡರ್ಮಾಟ್‌ನಿಂದ ಐರೋಲೊಗೆ ಐದು ಕುದುರೆ ಕಟ್ಟಿದ ಗಾಡಿಯ ಸವಾರಿಯೂ ಉಂಟು. ಅದನ್ನು ಬಹಳ ಮೊದಲೇ ಕಾಯ್ದಿರಿಸಬೇಕು.